ಸಹಾಯ ಬೇಕು: ಹಿಮ ತಳ್ಳುವ ಟ್ರಕ್ಕಿಗೆ ಯಾವ ಆಲ್ಟರ್ನೇಟರ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಬಫಲೋದಲ್ಲಿ. ಈರಿ ಸರೋವರದ ಕಡೆಯಿಂದ ಹಿಮ ಶುರುವಾದರೆ ಬೇಗ ನಿಲ್ಲುವುದಿಲ್ಲ. ನನ್ನ ಹಳೆಯ ಪಿಕಪ್ಪಿಗೆ ಪ್ಲೌ (ಮುಂದೆ ಹಿಮ ತಳ್ಳುವ ಅಲಗು) ಹಾಕಿಕೊಂಡು, ಬೀದಿಯ ವಯಸ್ಸಾದವರ ಮನೆ ಮುಂದಿನ ಹಿಮವನ್ನೂ ತೆಗೆಯುತ್ತೇನೆ.

ಈಗ ಪ್ಲೌ ಎತ್ತಿದ ಕೂಡಲೇ ಹೆಡ್‌ಲೈಟ್ ಮಂಕಾಗುತ್ತದೆ. ಮೀಟರ್ ಹಿಡಿದು ನೋಡಿದೆ. 14 ವೋಲ್ಟ್ ಇದ್ದದ್ದು 11.6ಕ್ಕೆ ಇಳಿಯುತ್ತದೆ. ಒಂದು ಗಂಟೆ ಕೆಲಸ ಆದಮೇಲೆ ಪ್ಲೌ ಏಳುವುದೇ ನಿಧಾನ. ಹೊಸ ಬ್ಯಾಟರಿ ಹಾಕಿಸಿದೆ, ಅರ್ಥ್ ವೈರಿನ ತುಕ್ಕು ಕೆರೆದೆ, ಬೆಲ್ಟ್ ಬದಲಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಈಗಿನ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಕೊಟ್ಟು ಬ್ಯಾಟರಿ ಚಾರ್ಜ್ ಮಾಡುವ ಭಾಗ) 105 ಆಂಪಿನದು. ಪ್ಲೌ ಎತ್ತುವ ಮೋಟಾರೇ ಕೆಲವು ಸೆಕೆಂಡ್ 150ರಿಂದ 200 ಆಂಪ್ ಎಳೆಯುತ್ತದೆ. ಒಬ್ಬ ಮೆಕ್ಯಾನಿಕ್ 220 ಆಂಪಿನದು ಸಾಕು ಅಂದರು, ಇನ್ನೊಬ್ಬರು 320ರದ್ದೇ ಹಾಕಿಸಿ ಅಂದರು. ನನಗೆ ಗೊಂದಲ ಇಲ್ಲೇ. ಆಲ್ಟರ್ನೇಟರ್ ಮೇಲಿನ ಆ ಆಂಪ್ ಸಂಖ್ಯೆ ಎಂಜಿನ್ ಜೋರಾಗಿ ತಿರುಗುವಾಗಿನದ್ದು. ಹಿಮ ತಳ್ಳುವಾಗ ಬಹಳ ಹೊತ್ತು ಎಂಜಿನ್ ನಿಧಾನ ತಿರುಗುವ ಐಡ್ಲಿಂಗ್‌ನಲ್ಲೇ ಇರುತ್ತೇನೆ. ಆಗ 320ರದ್ದು 220ಕ್ಕಿಂತ ಕಡಿಮೆ ಕೊಟ್ಟರೆ ಸುಮ್ನೆ ದುಡ್ಡು ದಂಡ ಅಲ್ವಾ?

ಪ್ಲೌ ಓಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಎರಡರಲ್ಲಿ ಯಾವುದು ಹಾಕಿಸಲಿ? ಬ್ಯಾಟರಿಗೆ ಹೋಗುವ ಕೇಬಲ್ಲನ್ನೂ ದಪ್ಪದ್ದು ಮಾಡಿಸಲೇಬೇಕಾ?