ಸಹಾಯ ಬೇಕು: ಕಸೂತಿ ನಿಧಾನವಾಗಿ ಮಾಡುವವರು ಇದ್ದೀರಾ?

ನಾನು ಇಳಕಲ್ ಸೀರೆಗೆ ಕಸೂತಿ ಹಾಕುತ್ತೇನೆ. ಆರ್ಡರ್ ಜಾಸ್ತಿ ಆದ ಮೇಲೆ ದಿನಕ್ಕೆ 9 ತಾಸು ಕೂತು ಕೂತು ಈಗ ಕುತ್ತಿಗೆ ನೋವು, ಕಣ್ಣುರಿ, ಸೂಜಿ ಕಂಡರೇ ಬೇಜಾರು. ನಿಮಗೆ ಗೊತ್ತಲ್ವಾ, ಕಸೂತಿಯ ಗವಂತಿ, ಮುರಗಿ ಹೊಲಿಗೆ ಅಂದರೆ ಬಟ್ಟೆಯ ಎಳೆ ಎಣಿಸಬೇಕು, ಗಂಟು ಹಾಕುವಂತಿಲ್ಲ, ಎರಡೂ ಕಡೆ ಒಂದೇ ಥರ ಕಾಣಬೇಕು, ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರವೇ ವಾಲುತ್ತದೆ. ಮೊನ್ನೆ ವಾಲಿತು. ರಾತ್ರಿ 11ಕ್ಕೆ ಕೂತು ಬಿಚ್ಚಿದೆ, ಅತ್ತೆ ನಕ್ಕಿದ್ದು ಬೇರೆ.

ಇನ್ನು ಬೆಳಗಿನ ಬೆಳಕಲ್ಲಿ 3 ತಾಸು ಮಾತ್ರ ಅಂದುಕೊಂಡಿದ್ದೇನೆ. ಆದರೆ ಗಿರಾಕಿಗೆ 'ಸೀರೆಗೆ 2 ತಿಂಗಳು ಬೇಕು' ಅಂತ ಹೇಗೆ ಹೇಳುತ್ತೀರಿ? ಮುಂಗಡ ತೆಗೆದುಕೊಳ್ಳುತ್ತೀರಾ? ಬೆಲೆ ಏರಿಸಿದಾಗ ಎಷ್ಟು ಜನ ಬಿಟ್ಟು ಹೋದರು? ಸುಮ್ನೆ ಧೈರ್ಯ ಹೇಳಬೇಡಿ, ನೀವು ಮಾಡಿದ್ದನ್ನು ಹೇಳಿ.