ಮಗಳು ಠೂ ಬಿಟ್ಟು 15 ದಿನ ಆಯ್ತು, ಏನು ಮಾಡ್ಲಿ?

ಕೇಳಿದವರು:
ಮಗಳಿಗೆ 6 ವರ್ಷ. ಅವಳು ಬಿಡಿಸಿದ ಚಿತ್ರದ ಮೇಲೆ ಗೆಳತಿ ಬೇಕಂತಲೇ ಗೀಚಿದಳಂತೆ. ಆ ಹುಡುಗಿ ಸಾರಿ ಕೇಳಿಯೂ ಆಯ್ತು. ಇವಳು ಮಾತ್ರ 15 ದಿನದಿಂದ ಠೂ. ಮಲಗುವಾಗಲೂ ಅದೇ ಮಾತು. ‘ಹೋಗ್ಲಿ ಬಿಡು ಪುಟ್ಟಿ’ ಅಂದ್ರೆ ನನ್ನ ಮೇಲೇ ಸಿಟ್ಟು. ಎಲ್ಲಾ ಮನಸ್ಸಲ್ಲಿ ಇಟ್ಕೊಳ್ಳೋ ಸ್ವಭಾವನೇ ಆಗಿಬಿಡುತ್ತೇನೋ ಅಂತ ಭಯ. ಅನುಭವ ಇದ್ದವರು ಹೇಳಿ.

ಇಬ್ಬರು ಮಕ್ಕಳ ತಾಯಿ:
ನಾನೂ ‘ಹೋಗ್ಲಿ ಬಿಡು’ ಅಮ್ಮನೇ ಆಗಿದ್ದೆ. ಮಗನಿಗೆ ಆಗ 7. ಅವನು ಕಟ್ಟಿದ ಬ್ಲಾಕ್ಸ್ ಗೋಪುರವನ್ನ ತಂಗಿ ಒದ್ದು ಬೀಳಿಸಿದ್ಲು. ಅವಳ ಬಾಯಲ್ಲಿ ‘ಸಾರಿ’ ಹೇಳಿಸಿದೆ, ಇವನ ಬಾಯಲ್ಲಿ ‘ಪರವಾಗಿಲ್ಲ’ ಹೇಳಿಸಿದೆ. ಪಂಚಾಯ್ತಿ ಮುಗೀತು ಅಂದ್ಕೊಂಡೆ. ಮೂರು ದಿನ ಬಿಟ್ಟು ನೋಡಿದ್ರೆ ಅವಳ ಗೊಂಬೆಯ ಕೂದಲನ್ನ ಒಂದು ಕಡೆ ಪೂರ್ತಿ ಕತ್ತರಿಸಿ ಹಾಕಿದ್ದ. ಯಾಕೋ ಅಂದ್ರೆ, ‘ನೀನು ಪರವಾಗಿಲ್ಲ ಅನ್ನು ಅಂದೆ, ಅಂದೆ. ಆದ್ರೆ ನಂಗೆ ಪರವಾಗಿತ್ತು!’

ನಗೂ ಬಂತು, ನಾಚಿಕೆನೂ ಆಯ್ತು. ಅವತ್ತು ಬುದ್ಧಿ ಹೇಳೋಕೆ ಹೋಗದೆ ಗೋಪುರದ ಬಗ್ಗೆ ಕೇಳ್ತಾ ಕೂತೆ. ಎಷ್ಟು ಎತ್ತರ ಇತ್ತು, ತುದಿಗೆ ಏನಿಟ್ಟಿದ್ದೆ, ಬಿದ್ದಾಗ ಎಂಥಾ ಸದ್ದು ಬಂತು? ಕೈ ಎತ್ತಿ ಎತ್ತರ ತೋರಿಸ್ತಾ ಇದ್ದವನು ಹಾಗೇ ಅತ್ತುಬಿಟ್ಟ. ಮೂರು ದಿನದ ಹಿಂದೆ ಬರಬೇಕಿದ್ದ ಅಳು ಅದು. ತಂಗಿ ಜೊತೆ ಆಟಕ್ಕೆ ಕೂರೋಕೆ ಇನ್ನೂ ಎರಡು ದಿನ ಹಿಡೀತು, ಆದ್ರೆ ತಾನಾಗೇ ಕೂತ. ಗೊಂಬೆಗೆ ಟೋಪಿ ಹಾಕಿದೀವಿ.

ಪ್ರಾಥಮಿಕ ಶಾಲೆ ಟೀಚರ್:
ಸ್ವಭಾವ ಅಂತ ಈಗಲೇ ಹೆಸರಿಡಬೇಡಿ ಮೇಡಂ. ಇನ್ನೊಬ್ಬರ ತಲೆಯಲ್ಲಿ ನಮ್ಮದಕ್ಕಿಂತ ಬೇರೆ ಯೋಚನೆ ಇರುತ್ತೆ ಅಂತ ಮಕ್ಕಳಿಗೆ ಹೊಳೆಯೋದೇ ಸುಮಾರು 4–5 ವರ್ಷಕ್ಕೆ. ‘ಅವಳು ಯಾಕೆ ಗೀಚಿರಬಹುದು?’ ಅಂತ ಕೇಳಿ, ಆದ್ರೆ ಸಿಟ್ಟು ಇಳಿದ ಮೇಲೆ. ಬಿಸಿಯಲ್ಲಿ ಕೇಳಿದ್ರೆ ನೀವು ಆ ಹುಡುಗಿ ಪಕ್ಷ ಅಂದ್ಕೊಳ್ತಾಳೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಅಂತ ಇದ್ದಾರೆ, ದಶಕಗಳಿಂದ ಕ್ಷಮೆಯದ್ದೇ ಅಧ್ಯಯನ. ಕ್ಷಮಿಸೋದು ಅಂದ್ರೆ ‘ನೀನು ಮಾಡಿದ್ದು ಸರಿ’ ಅಂತಲ್ಲ, ಮತ್ತೆ ಗೆಳೆತನ ಮಾಡಲೇಬೇಕು ಅಂತಲೂ ಅಲ್ಲ ಅನ್ನೋದು ಅವರ ನಿಲುವು. ವರ್ಷಗಟ್ಟಲೆ ಹಗೆ ಕಂಡ ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನ ಶಾಲೆಗಳಲ್ಲಿ 2002ರಿಂದ ಅವರ ಪಾಠ ಪುಟಾಣಿಗಳಿಗೂ ನಡೀತು, ಅದೂ ಕಥೆಗಳ ಮೂಲಕ. ಮೊದಲು ಕಥೆಯೊಳಗಿನವರ ಮುನಿಸು, ತಮ್ಮದು ಆಮೇಲೆ. ನಾನೂ ಕ್ಲಾಸಲ್ಲಿ ಮುನಿಸಿಕೊಂಡ ಮೊಲದ ಕಥೆ ಕಟ್ತೀನಿ. ಮೊಲಕ್ಕೆ ಮಕ್ಕಳು ಕೊಡೋ ಸಲಹೆ ಕೇಳಬೇಕು ನೀವು, ನಮಗಿಂತ ವಾಸಿ! ಮತ್ತೆ, ಆ ಹುಡುಗಿ ದಿನಾ ಹೀಗೇ ಕಾಡ್ತಿದ್ರೆ ವಿಷಯ ಬೇರೆ. ಆಗ ಕ್ಷಮೆ ಮಾತೆತ್ತಬೇಡಿ, ಮೊದಲು ಅದನ್ನ ನಿಲ್ಲಿಸಿ.

ಒಬ್ಬ ಅಪ್ಪ:
ನಾನೂ ನಮ್ಮಣ್ಣನೂ ಮಾತು ಬಿಟ್ಟು 2 ವರ್ಷ. ಹೋದ ವಾರ ಮಗಳು ‘ಅಪ್ಪಾ, ನೀನು ದೊಡ್ಡಪ್ಪಂಗೆ ಠೂ ಬಿಟ್ಟಿದೀಯಾ?’ ಅಂದ್ಲು. ಇನ್ನೂ ಫೋನ್ ಮಾಡಿಲ್ಲ. ಹಾಗಾಗಿ ನಂದೇನೂ ಸಲಹೆ ಇಲ್ಲ, ಎಲ್ಲರೂ ಬರೆದಿದ್ದನ್ನ ಓದ್ತಾ ಇದೀನಿ.