ಬೋರ್ ನೀರು, ಅತ್ತೆಯ ಮಂಡಿ ನೋವು, ಕಪ್ಪು ನಲ್ಲಿ: ಮಾಸ್ಟರ್ ಬಾತ್‌ರೂಮ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರು, ನಾಗರಬಾವಿ):
ನಮಸ್ಕಾರ ಮೇಡಂ. ಮನೆ ಕಟ್ಟಿ 20 ವರ್ಷ ದಾಟಿದೆ. ಮೊದಲ ಮಹಡಿಯ ಮಾಸ್ಟರ್ ಬೆಡ್‌ರೂಮಿನ ಬಾತ್‌ರೂಮನ್ನ ಪೂರ್ತಿ ಒಡೆದು ಹೊಸದಾಗಿ ಮಾಡಿಸಬೇಕು. 5 ಅಡಿ ಅಗಲ, 9 ಅಡಿ ಉದ್ದ. ಪೂರ್ವದ ಗೋಡೆಯ ಉತ್ತರ ಮೂಲೆಯಲ್ಲಿ ಬಾಗಿಲು, ಎದುರಿಗೆ ಪಶ್ಚಿಮದಲ್ಲಿ ಕಿಟಕಿ. ದಕ್ಷಿಣದ ಉದ್ದ ಗೋಡೆ ಮನೆಯ ಹೊರಗೋಡೆ. ಈಗ ಕಿಟಕಿ ಕೆಳಗೆ ಕಮೋಡ್, ಮಧ್ಯದಲ್ಲಿ ಸ್ನಾನದ ಜಾಗ, ಬಾಗಿಲ ಪಕ್ಕ ವಾಶ್‌ಬೇಸಿನ್ ಇದೆ. ನನಗೆ ಬಿಳಿ ಮಾರ್ಬಲ್ ಥರ ಹೊಳೆಯೋ 2x4 ಅಡಿಯ ಟೈಲ್ಸು ನೆಲಕ್ಕೂ ಗೋಡೆಗೂ ಹಾಕಿಸೋ ಆಸೆ. ನಮ್ಮ ಮನೆಯವರಿಗೆ ಕಡು ಬೂದು ಗೋಡೆ, ಕಪ್ಪು ಮ್ಯಾಟ್ ನಲ್ಲಿ, ಗಾಜಿನ ಪಾರ್ಟಿಷನ್ ಬೇಕಂತೆ. ಹೆಚ್ಚಿನ ದಿನ ಬೋರ್ ನೀರೇ ಗತಿ. ಅತ್ತೆಗೆ ಮಂಡಿ ನೋವು, ಅವರೂ ಇದನ್ನೇ ಬಳಸ್ತಾರೆ. ಬಣ್ಣ ಒಂದು ಇತ್ಯರ್ಥ ಮಾಡಿಕೊಡಿ, ಮನೇಲಿ ದಿನಾ ಇದೇ ಜಗಳ.

ಉತ್ತರ:
ಜಗಳ ಇನ್ನೊಂದು ವಾರ ಮುಂದುವರಿಯಲಿ, ಪರವಾಗಿಲ್ಲ. ಬಣ್ಣ ಕೊನೆಗೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಂಡಿದ್ದು ಅತ್ತೆಯವರು. ಕಮೋಡ್‌ಗೆ ಹೋಗಬೇಕಾದರೆ ಅವರು ದಿನಾ ಸ್ನಾನದ ಒದ್ದೆ ನೆಲ ದಾಟಬೇಕು. ಅದನ್ನ ಹಾಗೇ ಬಿಟ್ಟು ಎಂಥ ಟೈಲ್ಸ್ ಹಾಕಿಸಿದರೂ ದುಡ್ಡು ದಂಡ.

ಸ್ನಾನದ ಜಾಗವನ್ನ ಕಿಟಕಿ ಕಡೆಗೆ ತಳ್ಳಿ, ಕಮೋಡನ್ನ ಮಧ್ಯಕ್ಕೆ ತನ್ನಿ. ಬೇಸಿನ್ ಬಾಗಿಲ ಪಕ್ಕದಲ್ಲೇ ಇರಲಿ. ಕಮೋಡೂ ಬೇಸಿನ್ನೂ ದಕ್ಷಿಣದ ಗೋಡೆಗೇ ಒರಗಿದರೆ ಬಾಗಿಲಿಂದ ಸ್ನಾನದ ಜಾಗದವರೆಗೆ ಉತ್ತರದ ಗೋಡೆಗುಂಟ ನೇರ ಓಡಾಡೋ ದಾರಿ ಸಿಗುತ್ತೆ. ಅಳತೆ ಹೀಗೆ ಕೂರುತ್ತೆ: ಸ್ನಾನಕ್ಕೆ 3 ಅಡಿ 4 ಇಂಚು, ಅದಾದ ಮೇಲೆ 5 ಇಂಚಿನ ಒಂದು ಮೋಟು ಗೋಡೆ, ಕಮೋಡ್‌ಗೆ 2 ಅಡಿ 9 ಇಂಚು, ಬೇಸಿನ್‌ಗೆ ಎರಡೂವರೆ ಅಡಿ. ಒಟ್ಟು 9 ಅಡಿ. ಕಮೋಡ್‌ನ ನಡುಗೆರೆಯಿಂದ ಎರಡೂ ಕಡೆ ಕನಿಷ್ಠ 15 ಇಂಚು ಖಾಲಿ ಇರಬೇಕು. ಇಲ್ಲದಿದ್ದರೆ ಕೂತವರ ಮೊಣಕೈ ಗೋಡೆಗೆ ತಾಗುತ್ತೆ.

ಆ ಮೋಟು ಗೋಡೆಯನ್ನ ಬೇಕಂತಲೇ ಹೇಳ್ತಿದೀನಿ. ಬರೀ ಗಾಜು ಹಾಕಿದರೆ ಅತ್ತೆ ಎದ್ದೇಳೋವಾಗ ಹಿಡಿಯೋದು ಏನನ್ನ? 4 ಇಂಚಿನ ಸಾಲಿಡ್ ಬ್ಲಾಕಲ್ಲಿ ಮೂರೂವರೆ ಅಡಿ ಎತ್ತರ, ಎರಡೂವರೆ ಅಡಿ ಉದ್ದ ಕಟ್ಟಿಸಿ. ಟೈಲ್ಸ್ ಸೇರಿದರೆ ಹೆಚ್ಚುಕಮ್ಮಿ 5 ಇಂಚು ಆಗುತ್ತೆ, ಮೇಲೊಂದು ಗ್ರಾನೈಟ್ ಪಟ್ಟಿ. ಕಮೋಡ್ ಕಡೆಯ ಮುಖಕ್ಕೆ ನೆಲದಿಂದ 33 ಇಂಚು ಎತ್ತರದಲ್ಲಿ ಸ್ಟೀಲಿನ ಹಿಡಿಕೆ. ಹಾಲೋ ಬ್ಲಾಕ್ ಬೇಡ, ಆಂಕರ್ ಬೋಲ್ಟ್ ಕಚ್ಚಿಕೊಳ್ಳಲ್ಲ. ಬಕೆಟ್ಟು ಚೊಂಬಿನ ಸ್ನಾನದಲ್ಲಿ ಎರಚೋ ನೀರೆಲ್ಲ ಈ ಗೋಡೆಗೇ ನಿಲ್ಲುತ್ತೆ. ಮನೆಯವರಿಗೆ ಗಾಜು ಬೇಕೇ ಬೇಕು ಅಂದರೆ ಗೋಡೆಯ ಮೇಲೆ 3 ಅಡಿ ಎತ್ತರದ ಒಂದೇ ತುಂಡು ನಿಲ್ಲಿಸಲಿ. ಸ್ನಾನ ಆದಮೇಲೆ ದಿನಾ ಅದಕ್ಕೆ ವೈಪರ್ ಎಳೆಯೋದು ಯಾರು ಅಂತ ಮಾತ್ರ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ (ಅವರದೇ):
ಮೋಟು ಗೋಡೆ ನಮಗೆ ಹೊಳೆದೇ ಇರಲಿಲ್ಲ. ಆದರೆ ಕಮೋಡ್ ಪೈಪ್ ಕಿಟಕಿ ಕಡೆ ಇದೆಯಲ್ಲ. ಅದನ್ನ ಮಧ್ಯಕ್ಕೆ ತರೋಕೆ ಆಗಲ್ಲ, ಕೆಳಗಿನ ಮನೆಯ ಸೀಲಿಂಗ್ ಒಡೀಬೇಕು ಅಂತ ಪ್ಲಂಬರ್ ಹೇಳ್ತಿದಾರೆ.

ಉತ್ತರ:
ನೆಲದಲ್ಲಿ ಇಳಿಯೋ ಎಸ್ ಟ್ರ್ಯಾಪ್ ಕಮೋಡ್ ಲೆಕ್ಕದಲ್ಲಿ ಹೇಳಿರ್ತಾರೆ. ನೀವು ಗೋಡೆಯಿಂದ ಹೊರಗೆ ಹೋಗೋ ಪಿ ಟ್ರ್ಯಾಪ್ ಕಮೋಡ್ ತಗೊಳ್ಳಿ. ದಕ್ಷಿಣದ್ದು ಹೊರಗೋಡೆಯೇ ಆದ್ದರಿಂದ ಅಲ್ಲೇ ತೂತು ಹೊಡೆದು, 4 ಇಂಚಿನ ಪೈಪನ್ನ ಹೊರಗಡೆಯಿಂದಲೇ ಇಳಿಜಾರು ಕೊಟ್ಟು ಹಳೇ ಪೈಪಿಗೆ ಸೇರಿಸಬಹುದು. ಮೊದಲ ಮಹಡಿ ಆದ್ದರಿಂದ ಸಾರ್ವೆ ಕಟ್ಟೋ ಖರ್ಚು ಬರುತ್ತೆ, ಅಷ್ಟೇ. ಪಕ್ಕದ ಸೈಟಿನವರ ಗೋಡೆ ತೀರಾ ಒತ್ತಿಕೊಂಡಿದ್ದರೆ ಆಳು ಇಳಿಯೋಕೆ ಜಾಗ ಇದೆಯಾ ಅಂತ ಮೊದಲು ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ತುಮಕೂರು):
ಮಧ್ಯೆ ಬಾಯಿ ಹಾಕ್ತಿದೀನಿ ಮೇಡಂ. ವಾಸ್ತು ಪ್ರಕಾರ ಸರಿಯಾ ಇದು?

ಉತ್ತರ:
ದಕ್ಷಿಣದ ಗೋಡೆಗೆ ಒರಗಿದ ಕಮೋಡ್‌ನಲ್ಲಿ ಕೂತವರ ಮುಖ ಉತ್ತರಕ್ಕೆ. ಅದಕ್ಕೆ ವಾಸ್ತು ನೋಡೋರು ಸಾಮಾನ್ಯವಾಗಿ ತಕರಾರು ತೆಗೆಯಲ್ಲ. ನನ್ನ ಕೇಳಿದರೆ, ಪೈಪ್ ಎಲ್ಲಿದೆಯೋ ಅಲ್ಲೇ ವಾಸ್ತು.

ಪ್ರಶ್ನೆ (ನಾಗರಬಾವಿ):
ಗೋಡೆಗೆ ನೇತಾಡೋ ಕಮೋಡ್, ಫ್ಲಶ್ ಟ್ಯಾಂಕ್ ಗೋಡೆ ಒಳಗೆ, ಅದು ಚೆನ್ನಾಗಿ ಕಾಣುತ್ತೆ ಅಲ್ವಾ? ಈಗಲಾದರೂ ಬಣ್ಣ ಹೇಳಿ!

ಉತ್ತರ:
ಚೆನ್ನಾಗಿ ಕಾಣುತ್ತೆ, ಕೆಳಗೆ ಗುಡಿಸೋದೂ ಸುಲಭ. ಆದರೆ ಬೋರ್ ನೀರಿಗೆ ಫ್ಲಶ್ಶಿನ ವಾಲ್ವ್ ಬೇಗ ಸುಣ್ಣ ಕಟ್ಟುತ್ತೆ, ಒಳಟ್ಯಾಂಕಿಗೆ ರಿಪೇರಿ ಅಂದರೆ ಬಟನ್ ಪ್ಲೇಟಿನ ಸಂದಿಯಲ್ಲೇ ಕೈ ಹಾಕಬೇಕು. ನಿಮಗೆ ನೆಲದ ಮೇಲೆ ಕೂರೋ ಸಾಮಾನ್ಯ ಕಮೋಡೇ ಸಾಕು. ಬಿಳಿಯದೇ ಇರಲಿ.

ಸರಿ, ಬಣ್ಣ. ನಿಮ್ಮ ಮನೇಲಿ ಬಣ್ಣ ತೀರ್ಮಾನ ಮಾಡೋದು ನೀವೂ ಅಲ್ಲ, ಯಜಮಾನರೂ ಅಲ್ಲ, ಬೋರ್‌ವೆಲ್. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಕರಗಿರುತ್ತೆ. ನೀರು ಆರುತ್ತೆ, ಉಪ್ಪು ಬಿಳಿ ಕಲೆಯಾಗಿ ಉಳಿಯುತ್ತೆ. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಒಮ್ಮೆ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿ. 200ಕ್ಕಿಂತ ತುಂಬಾ ಮೇಲಿದ್ದರೆ ಕಪ್ಪು ಮ್ಯಾಟ್ ನಲ್ಲಿಯ ಆಸೆ ಬಿಡಿ. ಒಂದೊಂದು ಹನಿಯೂ ಬೂದಿ ಬಣ್ಣದ ಉಂಗುರವಾಗಿ ಕೂರುತ್ತೆ. ಅದನ್ನ ಬ್ರಷ್ಷಲ್ಲಿ ಉಜ್ಜಿದರೆ ಬಣ್ಣವೇ ಎದ್ದು ಬರುತ್ತೆ. ಹೊಳೆಯೋ ಕ್ರೋಮ್ ಮೇಲೂ ಕಲೆ ಬೀಳುತ್ತೆ, ಆದರೆ ಬಟ್ಟೆಯಲ್ಲಿ ವಿನೆಗರ್ ಒದ್ದೆ ಮಾಡಿ ಸ್ವಲ್ಪ ಹೊತ್ತು ಸುತ್ತಿಟ್ಟು ತೊಳೆದರೆ ಹೋಗುತ್ತೆ. ಹೊಳಪು ಬೇಡ ಅಂದರೆ ಬ್ರಶ್ಡ್ ನಿಕ್ಕಲ್ ಥರದ ಮಂಕು ಬೆಳ್ಳಿ ಬಣ್ಣ ನೋಡಿ, ಕಲೆಯನ್ನ ಅದು ಇನ್ನೂ ಚೆನ್ನಾಗಿ ಮುಚ್ಚುತ್ತೆ.

ಟೈಲ್ಸ್‌ಗೆ ಒಂದು ಪರೀಕ್ಷೆ ಇದೆ, ಯಾವ ಕ್ಯಾಟಲಾಗೂ ಹೇಳದ್ದು. ಅಂಗಡಿಯಿಂದ ಸ್ಯಾಂಪಲ್ ತುಂಡು ಕೇಳಿ ತನ್ನಿ: ನಿಮ್ಮ ಬಿಳಿ, ಅವರ ಕಡು ಬೂದು, ಜೊತೆಗೆ ಸಣ್ಣ ಚುಕ್ಕಿ ಇರೋ ನಸು ಬೂದು ಒಂದು. ಮೂರನ್ನೂ ಟೆರೇಸಲ್ಲಿ ಒರಗಿಸಿಟ್ಟು ಸೋಪ್ ಬೆರೆಸಿದ ಬೋರ್ ನೀರು ಚಿಮುಕಿಸಿ, ಒರೆಸದೆ ಬಿಸಿಲಿಗೆ ಆರಲು ಬಿಡಿ. ನಾಲ್ಕು ದಿನ ಹೀಗೆ ಮಾಡಿ ಆಮೇಲೆ ಇಬ್ಬರೂ ಬಂದು ನಿಂತು ನೋಡಿ. ಕಡು ಬೂದು ಮೇಲೆ ಬಿಳಿ ಇಳಿಗೆರೆ ಎದ್ದು ಕಾಣುತ್ತೆ. ಬಿಳಿ ಮೇಲೆ ಉಪ್ಪು ಅಷ್ಟು ಕಾಣಲ್ಲ, ಆದರೆ ಕೂದಲು ಒಂದೊಂದೂ ಎಣಿಸಬಹುದು. ಹೊಳೆಯೋ ಬಿಳಿ ಗೋಡೆಗೆ ಸರಿ, ನೆಲಕ್ಕೆ ಖಂಡಿತ ಬೇಡ.

ಹಾಗಾಗಿ ನನ್ನ ಆಯ್ಕೆ ಹೀಗೆ. ಗೋಡೆ: ಹಾಲುಬಿಳಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆನೆಬಿಳಿ, ಹೊಳಪು ಇದ್ದರೂ ಸರಿ, ನಿಮ್ಮ 2x4 ಇಲ್ಲಿ ಚೆಂದ, ಸಂದಿಯೂ ಕಡಿಮೆ. ನೆಲ: ಚುಕ್ಕಿ ಇರೋ ನಸು ಬೂದು. ಯಜಮಾನರ ಕಡು ಬೂದು ಬೇಸಿನ್ ಹಿಂದಿನ ಗೋಡೆಗೆ ಹೋಗಲಿ. ಅಲ್ಲಿ ನೀರು ಬೀಳೋದು ಕಮ್ಮಿ, ಕನ್ನಡಿ ಸುತ್ತ ಆ ಬಣ್ಣ ನಿಜಕ್ಕೂ ಒಪ್ಪುತ್ತೆ. ಅಲ್ಲಿ ದೀಪ 4000 ಕೆಲ್ವಿನ್‌ನದು ಹಾಕಿಸಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಬಲ್ಬಿನ ಡಬ್ಬಿ ಮೇಲೆ ಇರುತ್ತೆ). ಅಚ್ಚ ಬಿಳಿ 6500ರ ಬೆಳಕಲ್ಲಿ ಕೆನೆಬಿಳಿ ಗೋಡೆ ಕಾಯಿಲೆ ಬಿದ್ದ ಹಾಗೆ ಕಾಣುತ್ತೆ.

ನೆಲದ ಟೈಲ್ಸ್‌ಗೆ ಮ್ಯಾಟ್ ಅಂದಾಕ್ಷಣ ಜಾರಲ್ಲ ಅಂತೇನಿಲ್ಲ. ಆರ್10, ಆರ್11 ಅಂತ ದರ್ಜೆ ಇರುತ್ತೆ, ಬಾಕ್ಸ್ ಮೇಲೋ ಕಂಪನಿಯ ವಿವರದ ಹಾಳೆಯಲ್ಲೋ ಹುಡುಕಿ. ಸಂಖ್ಯೆ ಹೆಚ್ಚಿದಷ್ಟು ಹಿಡಿತ ಹೆಚ್ಚು. ಸ್ನಾನದ ಜಾಗಕ್ಕೆ ಆರ್11 ತಗೊಳ್ಳಿ, ಎಣ್ಣೆಸ್ನಾನ ಮಾಡೋ ಮನೆ ಆದರೆ ಚೌಕಾಸಿಯೇ ಬೇಡ. ಅಲ್ಲಿ ಒಂದಡಿ ಚೌಕದ ಟೈಲ್ಸ್ ಹಾಕಿಸಿ. ದೊಡ್ಡ ಟೈಲ್ಸನ್ನ ಮೂಲೆಯಲ್ಲಿ ನೀರು ಇಳಿಯೋ ಜಾಲರಿ ಕಡೆಗೆ ಎರಡು ದಿಕ್ಕಿನಿಂದ ವಾಲಿಸೋಕೆ ಆಗಲ್ಲ, ಮೇಸ್ತ್ರಿ ವಾಟ ಕಮ್ಮಿ ಮಾಡಿ ಬಚಾವಾಗ್ತಾರೆ, ನೀರು ನಿಲ್ಲೋದು ನಿಮ್ಮ ಪಾಲಿಗೆ. ಅಡಿಗೆ ಕಾಲು ಇಂಚು ವಾಟ ಇರಲಿ. ಕಮೋಡ್ ಕಡೆಗೂ ಒಂದು ಸಣ್ಣ ಜಾಲರಿ ಬೇಕು. ಒಣ ಭಾಗ ಅಂತ ಹೆಸರಿಟ್ಟರೂ ನಾವು ಬಕೆಟ್ ನೀರು ಸುರಿದೇ ತೊಳೆಯೋದು.

ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬೋದು, ಎಪಾಕ್ಸಿ ಅನ್ನೋ ರಾಳದ್ದೇ ಹಾಕಿಸಿ, ಟೈಲ್ಸ್‌ಗಿಂತ ಸ್ವಲ್ಪ ಗಾಢ ಬೂದು. ಸಿಮೆಂಟ್ ಗ್ರೌಟ್ ಅರಿಶಿನ, ಎಣ್ಣೆ, ಗೋರಂಟಿ ಎಲ್ಲ ಕುಡಿಯುತ್ತೆ. ಆಮೇಲೆ ಬಿಳಿ ಮಾಡೋಕೆ ಅಂತ ಆಸಿಡ್ ಸುರಿದರೆ ಗ್ರೌಟೂ ಹೋಗುತ್ತೆ, ನಲ್ಲಿಯ ಕ್ರೋಮೂ ಹೋಗುತ್ತೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ನಮ್ಮಲ್ಲಿ ಹಳೇ ಟೈಲ್ಸ್ ಮೇಲೆ ಹೊಸದು ಅಂಟಿಸ್ತೀವಿ, ಒಡೆಯೋ ಧೂಳೇ ಇರಲ್ಲ ಅಂತ ಹೇಳ್ತಿದಾರೆ. ಮಾಡಿಸಬಹುದಾ?

ಉತ್ತರ:
ಗೋಡೆಗೆ ಪರವಾಗಿಲ್ಲ, ತಟ್ಟಿದರೆ ಟೊಳ್ಳು ಸದ್ದು ಬರಬಾರದು. ನೆಲಕ್ಕೆ ಬೇಡ. ಮಟ್ಟ ಏರಿ ಬಾಗಿಲು ತಾಗುತ್ತೆ, ರೂಮಿಗೆ ನೀರು ಹರಿಯುತ್ತೆ. ಹಳೇ ವಾಟರ್‌ಪ್ರೂಫಿಂಗ್ ಹೇಗಿದೆ ಅಂತ ನೋಡೋ ಅವಕಾಶವೂ ತಪ್ಪುತ್ತೆ. ನೆಲ ಒಡೆಸಿ, ಹೊಸ ವಾಟರ್‌ಪ್ರೂಫಿಂಗ್ ಆದಮೇಲೆ ಜಾಲರಿ ಮುಚ್ಚಿ, ಎರಡು ಇಂಚು ನೀರು ಎರಡು ದಿನ ನಿಲ್ಲಿಸಿ. ಕೆಳಗಿನ ಸೀಲಿಂಗ್ ಒಣಗಿದ್ದರೆ ಮಾತ್ರ ಟೈಲ್ಸ್‌ಗೆ ಕೈ ಹಾಕಲಿ. ಮೇಸ್ತ್ರಿ ಅವಸರ ಮಾಡ್ತಾರೆ, ಬಿಡಬೇಡಿ.

ಪ್ರಶ್ನೆ (ನಾಗರಬಾವಿ):
ಯಜಮಾನರು ಕನ್ನಡಿ ಗೋಡೆಗೆ ಒಪ್ಪಿದರು! ಶನಿವಾರ ಅಂಗಡಿಗೆ ಹೋಗ್ತಿದೀವಿ. ಏನೇನು ಮರೀಬಾರದು?

ಉತ್ತರ:
ಎಲ್ಲ ಬಾಕ್ಸಲ್ಲೂ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯಾ ನೋಡಿ. ಒಂದು ಬಾಕ್ಸ್ ಹೆಚ್ಚಿಗೆ ತಂದು ಅಟ್ಟದಲ್ಲಿಡಿ, ಮುಂದೆ ಪೈಪ್ ರಿಪೇರಿ ಬಂದಾಗ ಅದೇ ಟೈಲ್ಸ್ ಅಂಗಡಿಯಲ್ಲಿ ಸಿಗಲ್ಲ. ಕಮೋಡ್ ಮತ್ತು ಗೋಡೆ ಒಳಗೆ ಹೋಗೋ ಮಿಕ್ಸರ್ (ಬಿಸಿನೀರು ತಣ್ಣೀರು ಬೆರೆಸೋ ನಲ್ಲಿ) ಎರಡನ್ನೂ ಟೈಲ್ಸ್‌ಗಿಂತ ಮೊದಲೇ ಖರೀದಿಸಿ. ಪ್ಲಂಬರ್ ಆ ಅಳತೆ ನೋಡಿಯೇ ಗೋಡೆ ಕೊರೆಯಬೇಕು. ಬಕೆಟ್ ತುಂಬೋಕೆ ಕೆಳಗಡೆ ಒಂದು ನಲ್ಲಿ ಇರೋ ಮಿಕ್ಸರ್ ಕೇಳಿ, ಬರೀ ಶವರ್ ಇರೋದನ್ನ ತೋರಿಸಿ ಸಾಗಹಾಕ್ತಾರೆ. ಮತ್ತೆ, ಅತ್ತೆಯವರನ್ನೂ ಕರ್ಕೊಂಡು ಹೋಗಿ. ಕಮೋಡ್ ಮೇಲೆ ಕೂತು ಎದ್ದು ನೋಡಲಿ, ಎತ್ತರ ಯಾವುದು ಸರಿ ಅಂತ ಅವರ ಮಂಡಿಯೇ ಹೇಳುತ್ತೆ.